ಗೋಡೆಯ ಕಡೆಗೆ ಒಂದು ಸೂತ

ಬೆಳಿಗ್ಗೆ ರೊಟ್ಟಿ ಮುರಿಯುತ್ತ ಮಗಳು ಆಡಿದ ಮಾತಿನ ಅರ್ಥ ನನಗೆ ಹೊಳೆದದ್ದು ಮಧ್ಯಾಹ್ನ. ಅಷ್ಟೊತ್ತಿಗೆ ನಾನು ವಾಡಿಯಲ್ಲಿ ಕೆಲಸದ ಮೇಲಿದ್ದೆ. ಅವಳು ಸೇಡಂ ಕಡೆಯ ನಮ್ಮ ಹಳ್ಳಿಯ ಹೈಸ್ಕೂಲಿನಲ್ಲಿದ್ದಳು. ನಡುವೆ ಚಿತ್ತಾಪುರವಿತ್ತು, ರೈಲ್ವೆ ಗೇಟಿತ್ತು.

"ಅಪ್ಪಾ, ಲ್ಯಾಬಿನಾಗಿನ ಆಸಿಡ್ ಕಮ್ಮಿ ಆಗ್ಲಿಕತ್ತದ," ಎಂದಿದ್ದಳು.

"ಬಳಸಿದ್ರ ಕಮ್ಮಿ ಆಗ್ತದ. ಅದರಾಗೇನದ?"

"ಯಾರೂ ಬಳಸೇ ಇಲ್ಲ. ಆ ಕ್ಯಾನಿನ ಮುಚ್ಚಳ ಈ ವರ್ಷ ತೆಗೆದೇ ಇಲ್ಲಂತ ಮೇಡಂ ಹೇಳ್ತಾರ."

ಆ ವರ್ಷ ಹೊಸದಾಗಿ ಬಂದ ವಿಜ್ಞಾನದ ಮೇಡಂಗೆ ಅಳತೆಯ ಹುಚ್ಚು. ಮಕ್ಕಳ ಕೈಗೆ ಸ್ಕೇಲು ಕೊಟ್ಟು, ಕಂಡದ್ದನ್ನೆಲ್ಲ ಮೊದಲು ಅಂದಾಜು ಮಾಡಿರಿ, ಆಮೇಲೆ ಅಳೆಯಿರಿ, ಎರಡಕ್ಕೂ ಎಷ್ಟು ಅಂತರ ಬಂತು ಹೇಳಿರಿ ಎನ್ನುತ್ತಿದ್ದರು. ಮುಟ್ಟಬಾರದ ವಸ್ತುವನ್ನು ಮುಟ್ಟದೆ ಅಳೆಯುವುದು ಹೇಗೆ ಎಂಬ ಪಾಠದಲ್ಲಿ ನನ್ನ ಮಗಳ ಪಾಲಿಗೆ ಬಂದದ್ದು ಗೋಡೆಯ ಮೇಲಿನ ಪರಸಿ ಕಲ್ಲಿನ ಹಲಗೆಯ ಮೇಲಿದ್ದ ಆಸಿಡ್ ಕ್ಯಾನು. ಅದು ಬಿಳಿ ಪ್ಲಾಸ್ಟಿಕ್ಕಿನದು. ಕಿಟಕಿಯ ಬೆಳಕಿಗೆ ಒಳಗಿನ ಮಟ್ಟ ಹೊರಗೆ ಕಾಣುತ್ತದೆ. ಅವಳು ಬೆಂಚಿನ ಮೇಲೆ ನಿಂತು, ಕಣ್ಣನ್ನು ಆ ಮಟ್ಟಕ್ಕೆ ಸರಿಯಾಗಿ ತಂದು, ತನ್ನ ಅವ್ವ ಹಣೆಗೆ ಹಚ್ಚುವ ಟಿಕಳಿಯೊಂದನ್ನು ಹೊರಗಿನಿಂದ ಅಲ್ಲಿಗೆ ಅಂಟಿಸಿ ಬಂದಿದ್ದಳು. ದಸರಾ ರಜೆ ಮುಗಿದ ಮೇಲೆ ನೋಡಿದರೆ ಆಸಿಡ್ ಟಿಕಳಿಗಿಂತ ಕೆಳಗೆ ಇಳಿದಿತ್ತು. ಅಲ್ಲಿಗೆ ಇನ್ನೊಂದು ಟಿಕಳಿ ಹಚ್ಚಿದಳು. ಈಗ ಅದಕ್ಕಿಂತಲೂ ಕೆಳಗೆ.

"ಹುಡುಗರು ನಗ್ತಾರಪ್ಪಾ. ಆಸಿಡ್ ಅಲ್ಲೇ ಅದ, ನಿನ್ನ ಟಿಕಳಿನೇ ಮ್ಯಾಲ ಹತ್ಲಿಕತ್ತದ ಅಂತಾರ."

ಒಲೆಯ ಮುಂದಿದ್ದ ಹೆಂಡತಿ, "ನನ್ನ ಟಿಕಳಿ ಪಾಕೀಟು ಖಾಲಿ ಆಗ್ಲಿಕತ್ತದ, ಅದರ ಅಳತಿ ಯಾರೂ ಹಿಡಿಯಂಗಿಲ್ಲ ನೋಡು," ಎಂದಳು. ನಾವೆಲ್ಲ ನಕ್ಕೆವು.

"ಜವಾನ ಪಾಯಖಾನಿ ತೊಳಿಲಿಕ್ಕ ಒಯ್ದಿರ್ತಾನ ತಗೊ," ಎಂದೆ ನಾನು.

"ಮೇಡಂನೂ ಹಂಗೇ ಅಂದ್ರು. ಆದ್ರ ಕೀಲಿಕೈ ಅವರ ಹಂತೇಕೇ ಇರ್ತದ. ಇವತ್ತು ಊಟ ಆದ ಮ್ಯಾಲ ಪ್ರಾಕ್ಟಿಕಲ್ ಅದ. ಪರಸಿ ಹಿಡ್ಕೊಂಡು ನಿಂತು ಇನ್ನೊಮ್ಮೆ ಸರಿಯಾಗಿ ಅಳೀತೀನಿ. ನನ್ನ ಅಳತಿ ತಪ್ಪಿಲ್ಲಪ್ಪಾ."

"ನನ್ನ ಮಗಳ ಅಳತಿ ತಪ್ಪಂಗಿಲ್ಲ," ಎಂದು ಗಾಡಿ ಚಾಲೂ ಮಾಡಿದೆ.

ಈ ಮಾತು ನನ್ನ ಬಾಯಲ್ಲಿ ಸುಮ್ಮನೆ ಬರುವುದಲ್ಲ. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಶಹಾಬಾದ್ ಕಲ್ಲಿನ ಖಣಿಯಲ್ಲಿ ಪದರು ಎಬ್ಬಿಸುವುದನ್ನು ಅಪ್ಪನಿಂದ ಕಲಿತೆ, ಆ ಕಲ್ಲಿನ ಚಪ್ಪಡಿಯನ್ನು, ಅಂದರೆ ಪರಸಿಯನ್ನು, ನೆಲಕ್ಕೆ ಹಾಸುವುದನ್ನು ನಾನೇ ಕಲಿತೆ. ಶಾಲೆ ಬಿಟ್ಟವನು ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುವುದಿಲ್ಲ. ನೀನು ಹಾಸಿದ ಕಲ್ಲು ಅಲುಗುತ್ತದೆ ಎಂದು ಯಾರೂ ಈವರೆಗೆ ಅಂದಿಲ್ಲ. ಶಹಾಬಾದಿನಿಂದ ಚಿಂಚೋಳಿಯವರೆಗೆ ನಾನು ಕೂರಿಸಿದ ಅಡುಗೆಮನೆಯ ಕಟ್ಟೆಗಳಿವೆ, ಗೋಡೆಯ ಹಲಗೆಗಳಿವೆ. ನಮ್ಮ ಕಡೆ ಮನೆ ಎಂದರೆ ಈ ಕಲ್ಲೇ. ನೆಲಕ್ಕೂ ಅದೇ, ಮೆಟ್ಟಿಲಿಗೂ ಅದೇ, ಡಬ್ಬಿ ಇಡುವ ಹಲಗೆಗೂ ಅದೇ.

ಹಲಗೆ ಕೂರಿಸುವುದರಲ್ಲಿ ನನ್ನದೊಂದು ರೂಢಿ ಇದೆ. ಪರಸಿಯ ಒಂದು ಅಂಚನ್ನು ಗೋಡೆಯೊಳಗೆ ಹೂತು, ಉಳಿದದ್ದನ್ನು ಹೊರಗೆ ಚಾಚಿ ನಿಲ್ಲಿಸುತ್ತೇವೆ. ರಸಮಟ್ಟ ಇಟ್ಟು ಸಮವಾಗಿದೆಯೇ ಎಂದು ನೋಡಿ ಹೆಚ್ಚಿನವರು ಅಷ್ಟಕ್ಕೇ ಬಿಡುತ್ತಾರೆ. ನಾನು ಬಿಡುವುದಿಲ್ಲ. ಗೋಡೆಯ ಕಡೆಗೆ ಒಂದು ಸೂತ ಇಳಿಸುತ್ತೇನೆ. ಸೂತ ಎಂದರೆ ಇಂಚಿನ ಎಂಟನೇ ಪಾಲು. ಕಣ್ಣಿಗೆ ಕಾಣದಷ್ಟು ಇಳಿಜಾರು. ಹಾಗೆ ಮಾಡಿದರೆ ಹಲಗೆಯ ಮೇಲೆ ಇಟ್ಟ ಡಬ್ಬಿ ಎಂದಿಗೂ ಮುಂದಕ್ಕೆ ಜಾರುವುದಿಲ್ಲ, ಕೆಳಗೆ ಆಡುವ ಮಗುವಿನ ತಲೆಯ ಮೇಲೆ ಬೀಳುವುದಿಲ್ಲ. ನಮ್ಮ ಹಳ್ಳಿಯ ಹೈಸ್ಕೂಲಿನ ಆ ಕೋಣೆಯಲ್ಲೂ ಹಾಗೇ ಕೂರಿಸಿದ್ದೆ. ಆಗ ಅದು ಪುಸ್ತಕ, ಆಟದ ಸಾಮಾನು ಇಡುವ ಕೋಣೆಯಾಗಿತ್ತು. ಲ್ಯಾಬ್ ಆದದ್ದು ಆಮೇಲೆ.

ವಾಡಿಯಲ್ಲಿ ಅಂದು ಒಂದು ಹೊಸ ಮನೆಯ ನೆಲ ತೊಳೆಯುತ್ತಿದ್ದೆವು. ಪರಸಿಯ ಸಂದುಗಳಿಗೆ ಸಿಮೆಂಟು ತುಂಬಿದ ಮೇಲೆ ಉಳಿಯುವ ಕಲೆಗೆ ಆಸಿಡ್ಡನ್ನು ನೀರಿಗೆ ಬೆರೆಸಿ ಒರೆಸುತ್ತೇವೆ. ನೀರಿಲ್ಲದೆ ಹಾಕಿದರೆ ಕಲ್ಲು ಬುಸ್ಸೆಂದು ನೊರೆ ಕಾರುತ್ತದೆ, ಹೊಳಪು ಹೋಗುತ್ತದೆ. ಇದು ನಮ್ಮ ಕೆಲಸದವರಿಗೆಲ್ಲ ಗೊತ್ತು. ಹೊಳಪು ಹೋಗುತ್ತದೆ ಎಂಬುದಷ್ಟೇ ನನಗೂ ಗೊತ್ತಿತ್ತು.

ಪಾಲಿಶ್ ಮಷೀನು ಹಿಡಿಯುವ ಚಾಚಾ ನನಗಿಂತ ಹಿರಿಯರು. ಅವರ ಆಸಿಡ್ ಡಬ್ಬಿ ಹಿತ್ತಲಿನಲ್ಲಿ ಒಂದು ಪರಸಿ ತುಂಡಿನ ಮೇಲೆ ಬಹಳ ದಿನಗಳಿಂದ ಕುಳಿತಿತ್ತು. ಡಬ್ಬಿ ಎತ್ತಿ, ಆ ತುಂಡನ್ನು ಹೊಸ್ತಿಲಿನ ಬದಿಗೆ ಹಾಕೋಣವೆಂದು ನಾನು ಎರಡೂ ಕೈಯಿಂದ ಹಿಡಿದೆ. ಮೇಲಿನಿಂದ ಗಟ್ಟಿಯಾಗಿಯೇ ಕಾಣುತ್ತಿತ್ತು. ಎತ್ತಿದರೆ ಒಣ ರೊಟ್ಟಿಯ ಹಾಗೆ ಮುರಿದು ಅರ್ಧ ನನ್ನ ಕೈಯಲ್ಲಿ ಉಳಿಯಿತು, ಅರ್ಧ ಕಾಲ ಬಳಿ ಬಿತ್ತು. ಒಳಗೆ ಪದರು ಪದರಿನ ನಡುವೆ ಬಿಳಿ ಕೆಸರು.

"ಡಬ್ಬಿ ಸೋರ್ತದ ಮೇಸ್ತ್ರಿ," ಎಂದರು ಚಾಚಾ. "ನಾ ನೋಡೇ ಇಲ್ಲ. ಮುಂದ ಹನಿ ಬಿದ್ರ ಕಾಣ್ತಿತ್ತು. ತುಂಡು ಹಿಂದಕ್ಕ ವಾಲೇದ, ಎಲ್ಲಾ ಹಿಂದೇ ಹರದು ಹೋಗ್ಯಾದ."

ಹಿಂದಕ್ಕೆ ವಾಲಿದೆ.

ನನ್ನ ಕೈಯಲ್ಲಿದ್ದ ತುಂಡು ಜಾರಿತು. ಬೆಳಗಿನ ಮಾತೆಲ್ಲ ಒಂದರ ಮೇಲೊಂದು ಬಂದು ಕುಳಿತವು. ಮುಚ್ಚಳ ತೆಗೆಯದ ಕ್ಯಾನು. ಕೆಳಗಿಳಿಯುವ ಆಸಿಡ್. ಅದು ಎಲ್ಲಿಗೆ ಹೋಯಿತೆಂದು ಯಾರೂ ಕೇಳಿರಲಿಲ್ಲ. ಹಲಗೆಯ ಮುಂದಿನ ಅಂಚಿನಲ್ಲಿ ಒಂದು ಹನಿ ಕಂಡಿದ್ದರೂ ಕೇಳುತ್ತಿದ್ದರು. ಹನಿ ಮುಂದಕ್ಕೆ ಬರದ ಹಾಗೆ ನಾನೇ ಒಂದು ಸೂತ ಇಳಿಸಿದ್ದೆ. ಸೋರಿದ್ದೆಲ್ಲ ಗೋಡೆಯ ಕಡೆಗೆ, ಪರಸಿಯ ಬುಡಕ್ಕೆ, ಆ ಕಲ್ಲಿನ ಭಾರವೆಲ್ಲ ಯಾವ ಅಂಚಿನ ಮೇಲೆ ನಿಂತಿದೆಯೋ ಅದೇ ಅಂಚಿಗೆ ಹೋಗಿತ್ತು. ಅದನ್ನು ಹಿಡಿದು ನಿಲ್ಲುತ್ತೇನೆಂದು ಮಗಳು ಹೇಳಿ ಹೋಗಿದ್ದಳು. ಮುಖವನ್ನು ಕ್ಯಾನಿನ ಮಟ್ಟಕ್ಕೆ ತಂದು.

"ಕ್ಯಾ ಹುವಾ ಮೇಸ್ತ್ರಿ? ಮಾರಿ ಯಾಕ ಹಿಂಗಾತು?"

ಹೇಳುತ್ತ ನಿಲ್ಲುವಷ್ಟು ಹೊತ್ತು ನನ್ನಲ್ಲಿ ಇರಲಿಲ್ಲ. ಗಾಡಿ ಹತ್ತಿದೆ.

ಹೆಡ್‌ಮಾಸ್ತರರ ನಂಬರು ನನ್ನ ಬಳಿ ಇತ್ತು. ಊರ ಹೊರಗೆ ಗಾಡಿ ನಿಲ್ಲಿಸಿ ಫೋನ್ ಹಚ್ಚಿದೆ. ರಿಂಗಾಗಿ ರಿಂಗಾಗಿ ನಿಂತಿತು. ಹೆಂಡತಿ ತೊಗರಿ ರಾಶಿಗೆ ಹೋಗಿದ್ದಳು, ಫೋನು ಮನೆಯ ಗೂಡಿನಲ್ಲೇ ಬಡಿದುಕೊಂಡಿತು. ಮತ್ತೆ ಹೆಡ್‌ಮಾಸ್ತರರಿಗೆ ಹಚ್ಚಿದೆ. ಎತ್ತಲಿಲ್ಲ. ಎತ್ತಿದರೂ ಏನು ಹೇಳುತ್ತಿದ್ದೆನೋ! ನಾನು ಗಾಬರಿಯಿಂದ ಕೂಗಿ, ಅವರು ಗಾಬರಿಯಿಂದ ಕೋಣೆಗೆ ಓಡಿ, ಮಗಳು ಬೆಚ್ಚಿ ಕಲ್ಲನ್ನು ಬಿಗಿಯಾಗಿ ಹಿಡಿದರೆ? ಫೋನನ್ನು ಜೇಬಿಗೆ ಹಾಕಿಕೊಂಡೆ.

ಚಿತ್ತಾಪುರದ ಗೇಟು ಬಿದ್ದಿತ್ತು. ಸಿಮೆಂಟು ತುಂಬಿದ ಗೂಡ್ಸು ನಡೆದುಕೊಂಡು ಹೋಗುವ ಹಾಗೆ ಹೋಗುತ್ತಿತ್ತು. ನಾನು ಗಾಡಿ ಬಂದ್ ಮಾಡದೆ ಎಕ್ಸಲೇಟರ್ ತಿರುವುತ್ತಲೇ ಇದ್ದೆ. ಪಕ್ಕದಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡಿದ್ದವನು ನಕ್ಕ.

"ಯಾಕಣ್ಣ, ರೈಲಿನ ಮ್ಯಾಲಿಂದ ಹಾರಸ್ತೀಯೇನು? ಬಂದ್ ಮಾಡು, ಪೆಟ್ರೋಲ್ ಪುಕ್ಕಟ್ಟೆ ಅದನೇನು!"

ಅವನ ಗಾಡಿಗೆ ಕಟ್ಟಿದ್ದ ಕ್ಯಾನುಗಳನ್ನು ನೋಡಿದೆ. ಅಂಥದೇ ಬಿಳಿ. ನಾನು ಕಲ್ಲು ಎತ್ತುವವನು, ತೂಕ ನನ್ನ ಕಣ್ಣ ಮುಂದೆ ತಾನಾಗಿ ಬರುತ್ತದೆ. ಅಷ್ಟುದ್ದ, ಇಷ್ಟಗಲದ ಪರಸಿ ಇಬ್ಬರು ಆಳಿನ ಭಾರ. ಅದರ ಮೇಲೆ ಆಸಿಡ್, ಸೀಸೆಗಳು, ಕಬ್ಬಿಣದ ಸ್ಟ್ಯಾಂಡುಗಳು. ಬೇಡ ಎಂದರೂ ಮನಸ್ಸು ಕೂಡಿಸುತ್ತಲೇ ಇತ್ತು. ಕೂಡಿಸಿದ್ದನ್ನು ಒಂದು ಹುಡುಗಿಯ ಕುತ್ತಿಗೆಯ ಮೇಲೆ ಇಟ್ಟು ನೋಡುತ್ತಿತ್ತು. ಗೂಡ್ಸಿನ ಕೊನೆಯ ಡಬ್ಬಿ ದಾಟುವಾಗ ನಾನು ಅಳುತ್ತಿದ್ದೆನೋ ಏನೋ, ಹಾಲಿನವನು ನಗುವುದನ್ನು ಬಿಟ್ಟು, "ಹೋಗಣ್ಣ, ನೀ ಮೊದಲು ಹೋಗು," ಎಂದು ತನ್ನ ಗಾಡಿಯನ್ನು ಹಿಂದಕ್ಕೆ ಎಳೆದುಕೊಂಡ.

ಆಮೇಲಿನ ರಸ್ತೆ ನನಗೆ ನೆನಪಿಲ್ಲ.

ಶಾಲೆಯ ಅಂಗಳದಲ್ಲಿ ಗದ್ದಲವಿರಲಿಲ್ಲ. ಗದ್ದಲವಿಲ್ಲದ್ದು ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ. ಚಪ್ಪಲಿ ಬಿಟ್ಟು ವರಾಂಡದಲ್ಲಿ ಓಡಿ ಲ್ಯಾಬಿನ ಬಾಗಿಲಿಗೆ ಬಂದು ನಿಂತೆ.

ಮಕ್ಕಳು ಬೆಂಚುಗಳಲ್ಲಿ ಕುಳಿತು ಗಾಜಿನ ಅಳತೆ ಜಾಡಿಗಳಲ್ಲಿ ಬಣ್ಣದ ನೀರು ಸುರಿದುಕೊಂಡು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಹಿಂದಿನ ಗೋಡೆಯ ಬಳಿ, ಕೊನೆಯ ಬೆಂಚಿನ ಮೇಲೆ, ನನ್ನ ಮಗಳು ನಿಂತಿದ್ದಳು. ಬಲಗೈಯಲ್ಲಿ ಸ್ಕೇಲು. ಎಡಗೈಯ ಬೆರಳುಗಳು ಪರಸಿಯ ಅಂಚಿನ ಮೇಲೆ. ಕ್ಯಾನಿಗೂ ಅವಳ ಮುಖಕ್ಕೂ ನಡುವೆ ಒಂದು ಗೇಣು ಜಾಗ. ಅವಳು ಮುಂಗಾಲ ಮೇಲೆ ಎದ್ದಾಗಲೆಲ್ಲ ಆ ಬೆರಳುಗಳು ಕಲ್ಲನ್ನು ಒತ್ತುತ್ತಿದ್ದವು. ಹಲಗೆ ಗೋಡೆಯನ್ನು ಸೇರುವಲ್ಲಿ ಸುಣ್ಣ ಉಬ್ಬಿತ್ತು. ಅದರ ಕೆಳಗೆ ಗೋಡೆ ಬೆವತ ಹಾಗೆ ಹಸಿಯಾಗಿತ್ತು. ಅದು ಮಳೆಗಾಲದ ತೇವವೆಂದು ಎಲ್ಲರೂ ಅಂದುಕೊಂಡಿದ್ದರಂತೆ. ಮೂಗಿಗೆ ಬರುತ್ತಿದ್ದ ಘಾಟನ್ನು, ಲ್ಯಾಬ್ ಎಂದರೆ ಹೀಗೇ ಎಂದುಕೊಂಡಿದ್ದರಂತೆ.

"ಯಾರ್ರೀ ನೀವು? ಕ್ಲಾಸ್ ನಡದದ," ಎಂದರು ಮೇಡಂ. ನನ್ನ ಮಗಳ ಅಕ್ಕನಂತೆ ಕಾಣುವ ವಯಸ್ಸು.

ನಾನು ಕೈ ಎತ್ತಿ ಅವರನ್ನು ತಡೆದೆ. ಖಣಿಯಲ್ಲಿ ನಮಗೊಂದು ಕಟ್ಟುಪಾಡು ಇದೆ. ತಲೆಯ ಮೇಲೆ ಕಲ್ಲು ಹೊತ್ತವನಿಗೆ ಹುಷಾರ್ ಎಂದು ಕೂಗಬಾರದು. ಕೂಗಿದರೆ ಅವನು ಕಲ್ಲನ್ನು ಬಿಟ್ಟು ನಿಮ್ಮನ್ನು ನೋಡುತ್ತಾನೆ. ಅವನ ಕೈಗೆ ಮಾತ್ರ ಮಾತಾಡಬೇಕು, ಒಂದು ಸಲಕ್ಕೆ ಒಂದೇ ಕೆಲಸ ಹೇಳಬೇಕು, ಮನೆಯಲ್ಲಿ ನೀರು ಕೇಳುವಷ್ಟೇ ದನಿಯಲ್ಲಿ. ಆ ದನಿಯನ್ನು ನಾನು ಎಲ್ಲಿಂದ ತಂದೆನೋ ಕಾಣೆ. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡೇ ಮಾತಾಡಿದೆ.

"ಯವ್ವಾ. ಎಡಗೈ ತೆಗಿ."

ಅವಳು ತಿರುಗಲಿಲ್ಲ. ಚಿಕ್ಕವಳಿದ್ದಾಗ ರಜೆಯಲ್ಲಿ ನನ್ನ ಜೊತೆ ಕೆಲಸದ ಜಾಗಕ್ಕೆ ಬರುತ್ತಿದ್ದವಳು. ಈ ದನಿ ಅವಳಿಗೆ ಗೊತ್ತು. ಬೆರಳುಗಳು ಒಂದೊಂದಾಗಿ ಕಲ್ಲಿನಿಂದ ಎದ್ದವು.

"ಮಾರಿ ಹಿಂದಕ್ಕ ತಗೊ. ಇನ್ನಾ ಸ್ವಲ್ಪ. ಈಗ ಕುಂದ್ರು. ಬೆಂಚಿನ ಮ್ಯಾಲೇ ಕುಂದ್ರು."

ಕುಳಿತಳು. ಆಗ ಬೆಂಚು ಕಿರ್ರೆಂದಿತು. ಹಲಗೆಯ ಮೇಲಿನ ಸೀಸೆಗಳು ಒಂದಕ್ಕೊಂದು ತಾಗಿ ಸಣ್ಣಗೆ ಕಿಣಿ ಎಂದವು. ಅಷ್ಟೇ ಸದ್ದು. ಅದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅಡುಗೆಮನೆಯಲ್ಲಿ ಲೋಟ ತಾಗಿದರೂ ನಾನು ತಿರುಗಿ ನೋಡುತ್ತೇನೆ.

"ಆ ಪರಸಿ ಬುಡದಾಗ ಆಸಿಡ್ ಇಳದದ ಮೇಡಂ," ಎಂದೆ. "ಅದು ನಿಂತಿಲ್ಲ. ನಿಂತಂಗ ಕಾಣ್ತದ ಅಷ್ಟೇ."

ಮೇಡಂ ಹಲಗೆಯನ್ನು ನೋಡಿದರು, ಎರಡು ಟಿಕಳಿಗಳನ್ನು ನೋಡಿದರು. ಅವರ ಮುಖದ ಬಣ್ಣ ಹೋದದ್ದು ನನಗೆ ಕಂಡಿತು. ಆದರೆ ದನಿ ಬದಲಾಗಲಿಲ್ಲ.

"ಎಲ್ಲಾರೂ ಕೈಯಾಗಿಂದು ಮೇಜಿನ ಮ್ಯಾಲ ಇಡ್ರಿ. ನಾವು ಕಲತೀವಲ್ಲ, ಹಂಗೇ ಹೊರಗ ಹೋಗೋದು. ಓಡಂಗಿಲ್ಲ, ಬೆಂಚ್ ಎಳಿಯಂಗಿಲ್ಲ. ಬಾಗಿಲ ಕಡಿನ ಸಾಲು ಮೊದಲು."

ಬಾಗಿಲ ಕಡೆಯ ಸಾಲು ಮೊದಲು! ನನ್ನ ಮಗಳು ಕಲ್ಲಿನ ಕೆಳಗೇ ಕುಳಿತಿದ್ದಳು. ಅವಳನ್ನು ಮೊದಲು ಕಳಿಸಿರಿ ಎಂದು ಬಾಯಿ ತುದಿಗೆ ಬಂತು. ಹಿಂದಿನವರು ಮೊದಲು ಎದ್ದರೆ ನಡುವಿನ ದಾರಿಯಲ್ಲಿ ಸಿಕ್ಕಿಕೊಂಡು, ಒಬ್ಬರನ್ನೊಬ್ಬರು ನೂಕಿ, ಗೋಡೆಗೆ ಬೀಳುತ್ತಾರೆ. ಅದು ತಿಳಿಯುವಷ್ಟು ಬುದ್ಧಿ ನನ್ನಲ್ಲಿ ಉಳಿದಿತ್ತು. ಬಾಯಿ ಮುಚ್ಚಿಕೊಂಡು ನಿಂತೆ. ಒಂದೊಂದು ಮಗು ನನ್ನ ಪಕ್ಕದಿಂದ ದಾಟುವಾಗಲೂ ಇನ್ನೂ ಎಷ್ಟು ಜನ ಎಂದು ನೋಡುತ್ತಿದ್ದೆ. ಒಬ್ಬ ಹುಡುಗ ಜಾಡಿಯಲ್ಲಿ ತಾನು ಅಳೆದಿದ್ದ ನೀರನ್ನು ಬಿಟ್ಟು ಹೋಗಲು ಮನಸ್ಸಾಗದೆ ತಿರುಗಿ ನಿಂತ. "ಹೋಗಲೇ ಮಾರಾಯ," ಎಂದು ಹಿಂದಿನವಳು ಬೆನ್ನಿಗೆ ತಿವಿದಳು.

ಕೊನೆಗೆ ಅವಳು ಎದ್ದಳು. ಬೆಂಚನ್ನು ಎಳೆಯಲಿಲ್ಲ. ಗೋಡೆಗೆ ತಾಗದಂತೆ ಬದಿಯಾಗಿ ಸರಿದು, ದಾರಿಯ ನಡುವೆ ನಡೆದು ಬಂದು, ನನ್ನ ಎದುರು ನಿಂತಳು. ನಾನು ಅವಳ ಎರಡೂ ಕೈ ಹಿಡಿದು, ಬೆರಳುಗಳನ್ನು ತಿರುಗಿಸಿ ನೋಡಿದೆ. ಎಲ್ಲಿಯೂ ಒದ್ದೆ ಇರಲಿಲ್ಲ.

"ಇನ್ನಾ ಕೆಳಗ ಇಳದದಪ್ಪಾ," ಎಂದಳು ಪಿಸುಮಾತಿನಲ್ಲಿ. "ನಾ ಅಳದೆ."

ಅವಳನ್ನು ಹೊರಗೆ ಕಳಿಸಿ ನಾನು ನೇರ ಕ್ಯಾನಿನ ಕಡೆಗೆ ನಡೆದೆ. ಮೊದಲು ಆ ಭಾರ ಇಳಿಸಬೇಕೆಂದು ತಲೆಯಲ್ಲಿ ಅದೊಂದೇ.

"ನಿಂದ್ರಿ!" ಮೇಡಂ ನನ್ನ ತೋಳು ಹಿಡಿದರು. "ಬರಿಗಾಲಾಗ ಇದ್ದೀರಿ. ಕಣ್ಣಿಗೆ ಏನೂ ಇಲ್ಲ. ಅದು ಸೋರೇದಂದ್ರ ತಳ ಒಡದಿರಬೇಕು, ಎತ್ತಿದಕೂಡ್ಲೇ ಮೈಮ್ಯಾಲ ಬಂದ್ರ? ನೀವು ಮೇಸ್ತ್ರಿ, ಕಲ್ಲಿಂದು ಹೇಳ್ರಿ. ಆಸಿಡ್ಡಿಂದು ನನಗ ಬಿಡ್ರಿ."

ಯಾರಾದರೂ ನನಗೆ ಹೀಗೆ ಹೇಳಿದರೆ ಎರಡು ಮಾತು ತಿರುಗಿ ಆಡುವವನು ನಾನು. ಆವತ್ತು ಆಡಲಿಲ್ಲ. ನನ್ನ ಭಯಕ್ಕೆ ಒಂದು ಗಡಿ ಹಾಕಿ ಕೊಟ್ಟ ಹಾಗಾಯಿತು. ಅರ್ಧ ಅವರದು, ಅರ್ಧ ನನ್ನದು.

ಅವರು ನನಗೆ ಜವಾನನ ಬೂಟು ಕೊಡಿಸಿದರು, ಕಣ್ಣಿಗೆ ಪ್ಲಾಸ್ಟಿಕ್ಕಿನ ಕನ್ನಡಕ ಹಾಕಿಸಿದರು. ಮೊದಲು ಆನಿಕೆ ಕೊಡದೆ ಯಾವುದನ್ನೂ ಎತ್ತಬಾರದೆಂದು ನಾನು ಹೇಳಿದೆ. ಒಂದು ಕಡೆಯ ಭಾರ ತಟ್ಟನೆ ಹೋದರೆ ಕಲ್ಲು ಇನ್ನೊಂದು ಕಡೆಗೆ ತಿರುಚಿಕೊಳ್ಳುತ್ತದೆ. ಬೆಂಚಿನ ಮೇಲೆ ಬೆಂಚು ಹೇರಿದೆ. ಉಳಿದ ಸಂದಿಗೆ ಕಟ್ಟಿಗೆಯ ಬೆಣೆ ತೂರಿಸಬೇಕಿತ್ತು. ಅದಕ್ಕೆ ಹಲಗೆಯ ಕೆಳಗೆ ತಲೆ ಹಾಕಲೇಬೇಕು. ಜೀವನವಿಡೀ ಕಲ್ಲಿನ ಕೆಳಗೆ ಬಗ್ಗಿದವನು ನಾನು. ಆವತ್ತು ಬಗ್ಗುವ ಮೊದಲು ಮಾತ್ರ ಕಲ್ಲನ್ನು ಒಮ್ಮೆ ತಲೆಯೆತ್ತಿ ನೋಡಿಕೊಂಡೆ. ಸುತ್ತಿಗೆಯಿಂದ ಬಡಿಯುವಂತಿರಲಿಲ್ಲ. ಅಂಗೈಯಿಂದಲೇ ಬೆಣೆಯನ್ನು ಒತ್ತಿದೆ. ಕಲ್ಲಿನ ಭಾರ ಬೆಣೆಗೆ ಬಂದದ್ದು ಕೈಗೆ ಗೊತ್ತಾಯಿತು. ಅಷ್ಟು ಸುಲಭವಾಗಿ ಬಂತೆಂದರೆ ಗೋಡೆ ಅದನ್ನು ಯಾವಾಗಲೋ ಬಿಟ್ಟುಕೊಟ್ಟಿತ್ತು.

ಆಮೇಲೆ ಮೇಡಂ ರಬ್ಬರಿನ ಕೈಗವಸು ಹಾಕಿಕೊಂಡು ಬೆಂಚು ಹತ್ತಿದರು. ಆಸಿಡ್ಡನ್ನು ತಣಿಸುವ ಸೋಡಾ ಪುಡಿ ಹರಡಿದ ಪ್ಲಾಸ್ಟಿಕ್ ಬುಟ್ಟಿಯನ್ನು ನಾನು ಕ್ಯಾನಿನ ಹತ್ತಿರಕ್ಕೆ ಎತ್ತಿ ಹಿಡಿದೆ. ಅವರು ಕ್ಯಾನನ್ನು ಅದರೊಳಗೆ ಇಳಿಸಿದಾಗ ತಳದಲ್ಲಿ ನೊರೆ ಬುಸುಗುಟ್ಟಿತು. ಇಬ್ಬರೂ ಉಸಿರು ಹಿಡಿದು ಹೊರಗೆ ಒಯ್ದು ಮರಳಿನ ಮೇಲೆ ಇಟ್ಟೆವು. ತಳದಲ್ಲಿ ಕೂದಲೆಳೆಯಷ್ಟು ಬಿರುಕು. ಮತ್ತೆ ಒಳಗೆ ಬಂದು ಉಳಿದ ಸೀಸೆಗಳನ್ನು ಆ ತುದಿಯಿಂದ ಒಂದು, ಈ ತುದಿಯಿಂದ ಒಂದರಂತೆ ಇಳಿಸಿದೆವು. ಬರಿದಾದ ಪರಸಿಯ ಅಂಚನ್ನು ನಾನು ಹಿಡಿದು ಮುಂದಕ್ಕೆ ಎಳೆದೆ. ಹಾಲುಹಲ್ಲು ಬಂದ ಹಾಗೆ ಗೋಡೆಯಿಂದ ಬಂತು. ಒಳಗೆ ಹೂತಿದ್ದ ಭಾಗ ಇರಲೇ ಇಲ್ಲ. ಇದ್ದದ್ದು ಬಿಳಿ ಕೆಸರು.

ಮೇಡಂ ಬೆಂಚಿನ ಮೇಲೆ ಕುಳಿತುಬಿಟ್ಟರು. "ಎರಡು ಸಲ ಅಳತಿ ತಪ್ಪೇದ, ಮತ್ತ ಮಾಡು ಅಂತ ನಾನೇ ಆಕಿಗೆ ಹೇಳಿನ್ರಿ," ಎಂದರು.

ನಾನೂ ಕುಳಿತೆ. ಜವಾನ ಬಾಗಿಲಲ್ಲಿ ನಿಂತು, "ಖರೆ ಹೇಳ್ರಿ ಮೇಡಂ, ನಾ ಒಯ್ದಿದ್ದಿಲ್ಲ ಹೌದಲ್ರಿ?" ಎಂದ. ಆಗ ನಮ್ಮಿಬ್ಬರಿಗೂ ನಗು ಬಂತು, ನಕ್ಕು ನಿಲ್ಲಿಸಲಾಗಲಿಲ್ಲ.

ಹೊರಗೆ ಮರದ ಕೆಳಗೆ ಮಕ್ಕಳು ಮಗಳ ಸುತ್ತ ನಿಂತಿದ್ದರು. ಟಿಕಳಿ ಮೇಲೆ ಹತ್ತುತ್ತಿದೆ ಎಂದವನು ಯಾರೆಂದು ನನಗೆ ಗೊತ್ತಾಗಲಿಲ್ಲ. ಈಗ ಯಾರೂ ಹಾಗೆ ಅನ್ನುತ್ತಿರಲಿಲ್ಲ.

ಆ ಗೋಡೆಗೆ ಈಗ ಹಲಗೆಯಿಲ್ಲ. ರಂಧ್ರಗಳನ್ನು ಮುಚ್ಚಿ ಗಿಲಾವು ಮಾಡಿದ್ದು ನಾನೇ. ಆಸಿಡ್ ಈಗ ನೆಲದ ಮಟ್ಟದಲ್ಲಿ, ಮಗಳು ಹೊಸ ಟಿಕಳಿ ಹಚ್ಚಿದ ಬೇರೆ ಕ್ಯಾನಿನಲ್ಲಿ, ಪ್ಲಾಸ್ಟಿಕ್ ಬುಟ್ಟಿಯೊಳಗೆ ಇದೆ. ಮನೆಗಳಲ್ಲಿ ನಾನು ಹಲಗೆ ಕೂರಿಸುವಾಗ ಇವತ್ತಿಗೂ ಗೋಡೆಯ ಕಡೆಗೆ ಒಂದು ಸೂತ ಇಳಿಸುತ್ತೇನೆ. ಡಬ್ಬಿ ಮಗುವಿನ ಮೇಲೆ ಬೀಳಬಾರದೆಂಬುದು ಈಗಲೂ ನಿಜವೇ. ಆದರೆ ಹಳೆಯ ಮನೆಗಳಿಗೆ ಹೋದಾಗ ಕೈ ಸುಮ್ಮನಿರುವುದಿಲ್ಲ. ಡಬ್ಬಿಗಳ ಹಿಂದೆ, ಕಲ್ಲು ಗೋಡೆ ಸೇರುವ ಸಂದಿನಲ್ಲಿ ಬೆರಳಾಡಿಸಿ ಒದ್ದೆ ಇದೆಯೇ ಎಂದು ನೋಡುತ್ತೇನೆ. ಸುಲೇಪೇಟೆಯಲ್ಲಿ ಒಬ್ಬ ತಾಯಿ, "ಏನ್ರಿ ಮೇಸ್ತ್ರಿ, ನಮ್ಮ ಮನಿ ಧೂಳಾ ಹುಡುಕ್ಲಿಕತ್ತೀರೇನು?" ಎಂದು ಕೇಳಿದರು. ಇಲ್ಲರಿ ಎಂದು ಕೈ ಒರೆಸಿಕೊಂಡು ಬಂದೆ.

ಸಂಜೆ ಮಗಳು ಶಾಲೆಯಿಂದ ಬಂದರೆ ಮೊದಲು ಉಂಡೆಯಾ ಎಂದು ಕೇಳುತ್ತಿದ್ದೆ. ಈಗ ಇನ್ನೊಂದು ಮಾತು ಕೇಳುತ್ತೇನೆ. ಬೂಟು ಬಿಚ್ಚುತ್ತ ಅವಳು, ತಲೆ ಎತ್ತದೆ, ಪ್ರತಿದಿನ ಅದೇ ಉತ್ತರ ಕೊಡುತ್ತಾಳೆ.

"ಟಿಕಳಿ ಎಲ್ಲದ ಯವ್ವಾ?"

"ಅಲ್ಲೇ ಅದಪ್ಪಾ. ಆಸಿಡ್ಡೂ ಅಲ್ಲೇ ಅದ."

ಆಮೇಲೆ ನಾನು ಚಹಾ ಕುಡಿಯುತ್ತೇನೆ.